ಬಾಚಣಿಗೆಯ ಹಲ್ಲು ಯಾವ ಕಡೆಗಿದೆ

ಕಣ್ಣಿನಿಂದ ಶುರು ಮಾಡಬೇಕೋ ಕೈಯಿಂದಲೋ ಎಂಬುದೇ ಬಗೆಹರಿಯುತ್ತಿಲ್ಲ. ಕಣ್ಣಿನಿಂದ ಶುರು ಮಾಡಿದರೆ ಮುಂದಿನದು ನಿಮಗೇ ಗೊತ್ತು: ಪಟ್ಟಿ ಬಿಚ್ಚುತ್ತಾರೆ, ಬೆಳಕು ನುಗ್ಗುತ್ತದೆ, ಮುದುಕಿ ಅಳುತ್ತಾಳೆ, ನೀವೂ ಮೂಗೊರೆಸಿಕೊಂಡು ಪುಟ ಮಗುಚುತ್ತೀರಿ. ಕೈಯಿಂದ ಶುರು ಮಾಡಿದರೆ ಮೊದಲ ಪುಟದಲ್ಲೇ ನಡೆನುಡಿ, ಮರ್ಯಾದೆ ಎಂದು ಭಾಷಣ ಬಿಗಿಯಬೇಕು. ಬೆಳಗಿನಿಂದ ಕುರ್ಚಿ ಬದಲಿಸಿ ಬದಲಿಸಿ ಕೂತದ್ದಾಯಿತು. (ಕುರ್ಚಿಯ ತಪ್ಪೇನೂ ಇಲ್ಲ ಎಂದು ಈಗ ಖಾತ್ರಿಯಾಗಿದೆ.)

೧

ಕೊಸಿವಜ್ಜಿಯ ಎಡಗಣ್ಣಿನ ಪಟ್ಟಿ ಬಿಚ್ಚಿದ ಆ ಕ್ಷಣ ಜಗತ್ತೆಲ್ಲ

ಹೊಡೆದುಹಾಕಿದೆ. 'ಜಗತ್ತೆಲ್ಲ' ಎಂದು ಬರೆದ ಮೇಲೆ ಮುಂದೆ ಬರುವುದೆಲ್ಲ ಬೊಗಳೆಯೇ.

೧, ಮತ್ತೆ

ಪಟ್ಟಿ ಬಿಚ್ಚಿದಾಗ ಕೊಸಿವಜ್ಜಿಗೆ ಮೊದಲು ಕಂಡದ್ದು ಪಕ್ಕದ ಮಂಚದ ಗಾಮೆಲಿಯ ಕಿವಿಯೊಳಗಿನ ಕೂದಲು. ಗಾಮೆಲಿ ಹಳೆಯ ಮೀನುಗಾರ. ಅವನದೂ ಅದೇ ಆಪರೇಷನ್, ಅವನ ಪಟ್ಟಿ ಹಿಂದಿನ ದಿನವೇ ಬಿಚ್ಚಿತ್ತು. ಇಬ್ಬರೂ ಮಂಚದಿಂದ ಮಂಚಕ್ಕೆ ಮಾತಾಡಿಕೊಂಡೇ ಪರಿಚಯವಾದವರು.

"ಏನು ಕಾಣ್ತಿದೆ ಅಜ್ಜಿ?" ಎಂದರು ಡಾಕ್ಟರ್ ಅಂಪೋಮಾ. ದೂರದ ಕುಮಾಸಿ ಕಡೆಯ ಹೆಂಗಸು, ಒಳ್ಳೆಯ ಕೈಗುಣ.

"ಈ ಗಾಮೆಲಿ ಕಾಣ್ತಿದಾನೆ. ದನಿ ಕೇಳಿ ಇನ್ನೂ ಏನೇನೋ ಅಂದ್ಕೊಂಡಿದ್ದೆ."

"ಪಟ್ಟಿ ಬಿಚ್ಚೋ ಮುಂಚೆನೇ ಮದುವೆ ಮಾತಾಡಿ ಮುಗಿಸಬೇಕಿತ್ತು" ಎಂದ ಗಾಮೆಲಿ. "ಇನ್ನು ನನ್ನ ಕೆಲಸ ಕೆಟ್ಟಿತು."

ಅಜ್ಜಿ ಅಳಲಿಲ್ಲ. ಎದೆಗೆ ಬಿಗಿದು ಕಟ್ಟಿದ್ದ ಬಲಗೈಯ ಸಿಮೆಂಟು ಪಟ್ಟಿಯನ್ನು ನೋಡಿದಳು. ಇಷ್ಟು ಕೊಳೆಯಾಗಿದ್ದರೂ ಯಾರೂ ಹೇಳಲಿಲ್ಲವಲ್ಲ ಎಂದು ನರ್ಸಿಗೆ ಬೈದಳು. ಕಿಟಕಿಯಾಚೆ ಕೇಟಾದ ಉಪ್ಪುಕೆರೆ ಬಿಸಿಲಿಗೆ ಹೊಳೆಯುತ್ತಿತ್ತು, ದೋಣಿಯಲ್ಲಿ ಒಬ್ಬ ಬಲೆ ಬಿಡಿಸುತ್ತಿದ್ದ. ಅವಳು ಅದನ್ನೆಲ್ಲ ನೋಡಿದಳು. ಇದನ್ನು ನೆನಪಿಡಿ, ಅವಳಿಗೆ ಕಾಣುತ್ತದೆ. ಈ ಕಥೆಯಲ್ಲಿ ನಾನು ಖಡಾಖಂಡಿತವಾಗಿ ಹೇಳಬಲ್ಲ ಮಾತು ಇದೊಂದೇ.

(ಬಲಗೈ ಮುರಿದದ್ದು ಹೇಗೆ ಎಂದು ಕೇಳುವವರಿಗೆ: ಆನ್‌ಲೊಗಾದ ಮರಳಿನಲ್ಲಿ ಸಣ್ಣ ಈರುಳ್ಳಿ ಬೆಳೆಯುವವಳು ಅವಳು. ಪಾತಿಗಳ ನಡುವೆ ನೀರಿಗೆಂದು ತೋಡಿದ ಗಿಡ್ಡ ಬಾವಿಗಳಿರುತ್ತವೆ. ಎರಡೂ ಕಣ್ಣಿಗೆ ಪೊರೆ ಬಂದು, ತಾನೇ ತೋಡಿಸಿದ ಬಾವಿಗೆ ತಾನೇ ಬಿದ್ದಳು. ಕೈ ಕಟ್ಟಿಸಲು ಬಂದವಳ ಕಣ್ಣು ನೋಡಿ ನರ್ಸು ಈ ಕಣ್ಣಿನ ವಾರ್ಡಿಗೆ ಕಳಿಸಿದಳು.)

೨

ಇಲ್ಲಿ, ಈ ಆಸ್ಪತ್ರೆಯಲ್ಲಿ ನಡೆಯುತ್ತಿರುವ ಸಂಶೋಧನೆಯ ವಿಷಯ ಸ್ವಲ್ಪ ಹೇಳಬೇಕು. ಜಾರಿಕೊಳ್ಳಬೇಡಿ, ಬೇಗ ಮುಗಿಸುತ್ತೇನೆ.

ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಒಂದು ಕೃತಕ ಲೆನ್ಸು ಕೂರಿಸುತ್ತಾರೆ. ಹಳೆಯ ಬಗೆಯದರಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು. ಹೊಸದರ ಮೈಮೇಲೆ ಒಂದರೊಳಗೊಂದು ಬಳೆಗಳಿವೆ, ದೂರ ಹತ್ತಿರ ಎರಡೂ ಕಾಣುತ್ತದೆ ಎನ್ನುತ್ತಾರೆ. ನಿಜವೋ ಸುಳ್ಳೋ ತಿಳಿಯಲು ಅರ್ಧ ಜನಕ್ಕೆ ಅದು, ಅರ್ಧ ಜನಕ್ಕೆ ಇದು. ಯಾರ ಕಣ್ಣಲ್ಲಿ ಯಾವುದಿದೆ ಎಂದು ರೋಗಿಗೂ ಗೊತ್ತಿಲ್ಲ, ನೋಟ ಪರೀಕ್ಷೆ ಮಾಡುವವನಿಗೂ ಗೊತ್ತಿಲ್ಲ. (ನನಗೂ ಗೊತ್ತಿಲ್ಲ. ಕಥೆ ಬರೆಯುವವಳಿಗೆ ಎಲ್ಲ ಗೊತ್ತಿರಬೇಡವೇ ಎಂದು ಹುಬ್ಬೇರಿಸಬೇಡಿ. ಅದನ್ನು ಬರೆದು ಮುಚ್ಚಿಟ್ಟ ಲಕೋಟೆ ಒಡೆಯಲು ನನಗೂ ಅನುಮತಿಯಿಲ್ಲ.)

ಇನ್ನೊಂದು ವಿಷಯವಿದೆ, ಅದು ಮುಖ್ಯ. ಈ ಸಂಶೋಧನೆಯಲ್ಲಿ ರೋಗಿಯ ಬಾಯಿಮಾತನ್ನು ನಂಬುವುದಿಲ್ಲ. ಕಾರಣ ಈ ಊರಿನ ಜನ ಕೆಟ್ಟವರು ಎಂದಲ್ಲ, ಅತಿ ಒಳ್ಳೆಯವರು ಎಂದು. ಆಪರೇಷನ್ ಮಾಡಿದ ಡಾಕ್ಟರ ಎದುರು ಕೂತು 'ಏನೂ ಕಾಣ್ತಿಲ್ಲ' ಎನ್ನಲು ಇವರಿಗೆ ಬಾಯಿ ಬರುವುದಿಲ್ಲ. ಹೋದ ಸಲ ಒಬ್ಬ ಬಡಗಿ ಚೆನ್ನಾಗಿ ಕಾಣುತ್ತೆ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಎನ್ನುತ್ತಲೇ ಇದ್ದ. ಒಳಗೆ ಲೆನ್ಸು ಜಾರಿತ್ತು. ಗೊತ್ತಾಗುವ ಹೊತ್ತಿಗೆ ಕಣ್ಣು ಹೋಗಿತ್ತು. ಡಾಕ್ಟರ್ ಅಂಪೋಮಾ ಆ ಬಡಗಿಯನ್ನು ಇನ್ನೂ ಮರೆತಿಲ್ಲ.

ಅದಕ್ಕೇ ಈಗ ಮಾತಿಲ್ಲದ ಪರೀಕ್ಷೆ. ಎದುರಿನ ಪರದೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥದ್ದೊಂದು ಬರುತ್ತದೆ. ಹಲ್ಲು ಮೇಲಿದ್ದರೆ ಕೈ ಮೇಲಕ್ಕೆ, ಕೆಳಗಿದ್ದರೆ ಕೆಳಕ್ಕೆ, ಹೀಗೆ ತೋರಿಸಬೇಕು. ಸರಿಯಾಗಿ ತೋರಿಸಿದರೆ ಬಾಚಣಿಗೆ ಸಣ್ಣದಾಗುತ್ತದೆ, ತೋರಿಸದಿದ್ದರೆ ದೊಡ್ಡದಾಗುತ್ತದೆ. ರೋಗಿ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಪರೀಕ್ಷಕ ತುಟಿ ಬಿಚ್ಚಕೂಡದು, ತಲೆ ಆಡಿಸಕೂಡದು. ಮೂಲೆಯಲ್ಲಿ ಕ್ಯಾಮೆರಾ ಇದೆ.

೩

ಪರೀಕ್ಷಕನ ಹೆಸರು ಸೆನಾನು. ಕಣ್ಣಿನ ಪರೀಕ್ಷೆಯನ್ನೇ ಓದಿ ಬಂದವನು, ಇದೇ ನೀರಿನ ದಡದಲ್ಲಿ ಹುಟ್ಟಿದವನು. ಅಜ್ಜಿಯನ್ನು ಕೂರಿಸಿ, ಬಲಗಣ್ಣಿಗೆ ಮುಚ್ಚಳ ಕಟ್ಟಿ, ತನ್ನ ಜಾಗದಲ್ಲಿ ಕೂತ. ಬಾಚಣಿಗೆ ಬಂತು. ಹಲ್ಲು ಬಲಕ್ಕಿದೆ ಎಂದು ಅಜ್ಜಿಗೆ ಚೆನ್ನಾಗಿ ಕಂಡಿತು.

ಬಲಗೈ ಎದೆಗೆ ಕಟ್ಟಿದೆ. ಉಳಿದದ್ದು ಎಡಗೈ.

"ಎಡಗೈ ಕಣಪ್ಪಾ" ಎಂದಳು ಅಜ್ಜಿ. ಅಂದು ಕಾದಳು.

(ನಮ್ಮ ಕಡೆ ಎಡಗೈಯಲ್ಲಿ ಕೊಟ್ಟರೆ ಬೈಯುತ್ತಾರೆ, ಅಷ್ಟೇ. ಇಲ್ಲಿ ಬೈಸಿಕೊಳ್ಳದಿರಲು ಒಂದು ದಾರಿ ಇಟ್ಟಿದ್ದಾರೆ. 'ಎಡಗೈ' ಎಂದು ನೀವು ಮೊದಲು ಹೇಳಬೇಕು. ಎದುರಿನವರು 'ಕೈಯೇ ಬಿಡಿ' ಎನ್ನುತ್ತಾರೆ, ಅದೂ ಒಂದು ಕೈಯೇ ತಾನೇ ಎಂಬ ಅರ್ಥದಲ್ಲಿ. ಆಮೇಲೆ ಕೈ ಎತ್ತಬಹುದು. ನಾನು ಕಡಲು ದಾಟಿ ಇಲ್ಲಿಗೆ ಬಂದು ತಲೆ ಹಣ್ಣಾಗಿದೆ, ಸಂತೆಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯಲ್ಲಿ ಈ ಎರಡು ಮಾತು ಕೇಳದ ದಿನವಿಲ್ಲ. ಉತ್ತರ ಬರದೇ ಕೈ ಚಾಚಿದರೆ ಅದು ಎದುರಿನವರ ಮುಖಕ್ಕೆ ಉಗಿದ ಹಾಗೆ.)

ಅಜ್ಜಿ ಉತ್ತರಕ್ಕೆ ಕಾದಳು. ಸೆನಾನು ಅವಳ ಕೈಗೆ ಕಾದ. 'ಕೈಯೇ ಬಿಡಿ' ಎಂಬುದು ಅವನ ಹಲ್ಲಿನ ಹಿಂದೆಯೇ ಬಂದು ನಿಂತಿತ್ತು. ಆದರೆ ಮಳೆಗಾಲದ ಮುಂಚೆ ಅವನು ಒಬ್ಬ ರೋಗಿಗೆ 'ಹೂಂ' ಎಂದಿದ್ದ. ಅಷ್ಟಕ್ಕೇ ಸಂಶೋಧನೆ ನಡೆಸುವವರು ಆ ತಿಂಗಳ ಪರೀಕ್ಷೆಗಳನ್ನೆಲ್ಲ ಬುಟ್ಟಿಗೆ ಹಾಕಿದ್ದರು, ಇನ್ನೊಮ್ಮೆ ಆದರೆ ಈ ಊರಿನ ಕೇಂದ್ರವನ್ನೇ ಮುಚ್ಚುತ್ತೇವೆ ಎಂದಿದ್ದರು. ಹೊರಗೆ ಬೆಂಚಿನ ಮೇಲೆ ಪೊರೆಗಣ್ಣಿನವರು ಸಾಲಾಗಿ ಕೂತಿದ್ದರು. ಅವನು ತುಟಿ ಕಚ್ಚಿಕೊಂಡ.

ಬಾಚಣಿಗೆ ದೊಡ್ಡದಾಯಿತು. "ಎಡಗೈ ಕಣಪ್ಪಾ" ಎಂದಳು. ಮತ್ತೆ ದೊಡ್ಡದಾಯಿತು. ಹುಡುಗನಿಗೆ ಕಿವಿ ಮಂದವೇನೋ ಎಂದುಕೊಂಡು ಗಟ್ಟಿಯಾಗಿ ಹೇಳಿದಳು. ಕೊನೆಗೆ ಒಂದೇ ಒಂದು ಬಾಚಣಿಗೆ ಪರದೆ ತುಂಬ ನಿಂತಿತು, ಅಜ್ಜಿ ಅದನ್ನು ನೋಡುತ್ತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಡಗಣ್ಣಿಗೆ ನೋಟವಿಲ್ಲ ಎಂದು ಯಂತ್ರ ತೀರ್ಮಾನಿಸಿತು.

೪

ಈಗ ಕಥೆಯಲ್ಲಿ ಏನು ಪಣಕ್ಕಿದೆ ಎಂದು ನೇರವಾಗಿ ಹೇಳಿಬಿಡುತ್ತೇನೆ, ಒಗಟು ಕಟ್ಟುವ ತಾಳ್ಮೆ ನನಗಿಲ್ಲ. ಕಣ್ಣು ಆರೋಗ್ಯವಾಗಿದ್ದೂ ನೋಟ ಬರದಿದ್ದರೆ ಲೆನ್ಸಿನದೇ ತಪ್ಪು ಎಂದು ನಿಯಮ. ಕಣ್ಣನ್ನು ಮತ್ತೆ ಕೊಯ್ದು, ಆ ಲೆನ್ಸು ಕಿತ್ತು, ಬೇರೆ ಹಾಕಬೇಕು. ಎರಡನೇ ಸಲ ಕೊಯ್ದ ಕಣ್ಣು ಮೊದಲಿನಂತೆಯೇ ಇರುತ್ತದೆ ಎಂದು ಯಾವ ಡಾಕ್ಟರೂ ಮಾತು ಕೊಡುವುದಿಲ್ಲ. ಅಜ್ಜಿಯ ಬಲಗಣ್ಣು ಇನ್ನೂ ಪೂರ್ತಿ ಬೆಳ್ಳಗಿದೆ. ಇರುವುದು ಇದೊಂದೇ ಕಣ್ಣು.

ಸೆನಾನು ಡಾಕ್ಟರ ಕೋಣೆಗೆ ಓಡಿದ.

"ಮೇಡಂ, ಅವರಿಗೆ ಕಾಣುತ್ತೆ. ಉತ್ತರ ಸಿಗಲಿಲ್ಲ ಅಂತ ಕೈ ಎತ್ತಲಿಲ್ಲ, ಅಷ್ಟೇ."

"ಕಾಣುತ್ತೆ ಅಂತ ಅವರೇ ಹೇಳಿದ್ರಾ?"

"ಹೌದು."

"ಬಡಗೀನೂ ಹೇಳಿದ್ದ" ಎಂದರು ಡಾಕ್ಟರ್ ಅಂಪೋಮಾ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಮಾತಲ್ಲಿ ನಂಗೆ ನಂಬಿಕೆ ಇದೆ ಸೆನಾನು. ಆದ್ರೆ ಮಾತು ನಂಬಿ ಕಣ್ಣನ್ನ ಹಾಗೇ ಬಿಟ್ಟು ಒಂದ್ಸಲ ಕೆಟ್ಟಿದೀನಿ. ನಾಳೆ ಬೆಳಿಗ್ಗೆ ಆಪರೇಷನ್ ಥಿಯೇಟರಿಗೆ ಹೋಗೋ ಮುಂಚೆ ಇನ್ನೊಂದು ಸಲ ಪರೀಕ್ಷೆ ಮಾಡು. ಅವರು ತೋರಿಸಿದ್ರೆ ನಾನು ಚಾಕು ಮುಟ್ಟಲ್ಲ."

"ನಾನು ಉತ್ತರ ಕೊಟ್ರೆ?"

"ಕೊಟ್ರೆ ಅದು ಪರೀಕ್ಷೆ ಅಲ್ಲ. ಹೊರಗೆ ಬೆಂಚಿನ ಮೇಲಿರೋರನ್ನ ವಾಪಸ್ ಕಳಿಸೋದು ನೀನೇ."

(ಆಪರೇಷನ್ ಬೇಡ ಎಂದು ಅಜ್ಜಿ ಹೇಳಬಹುದಲ್ಲ ಎನ್ನುತ್ತೀರಿ. ನಾನೂ ಅವಳಿಗೆ ಅದನ್ನೇ ಹೇಳಿದೆ. "ಕಣ್ಣು ಕೊಟ್ಟ ಹೆಂಗಸು ಅವಳು. ಅವಳ ಮುಖ ನೋಡಿ ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ" ಎಂದಳು. ನೋಡಿ, ಬಡಗಿಯ ಕಾಯಿಲೆಯೇ ಇವಳಿಗೂ.)

೫

ಸೆನಾನು ಬುದ್ಧಿವಂತ. ವಾರ್ಡಿಗೆ ಬಂದು ಅಜ್ಜಿಯ ಮಂಚದ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಅಜ್ಜಿ, ನಾಳೆ ನಾನು ಬಾಯಿ ಬಿಡೋ ಹಾಗಿಲ್ಲ. ಅದಕ್ಕೆ ಇವತ್ತೇ ಹೇಳಿಬಿಡ್ತೀನಿ. ಕೈಯೇ ಬಿಡಿ, ಕೈಯೇ ಬಿಡಿ, ಕೈಯೇ ಬಿಡಿ. ಎಷ್ಟು ಬೇಕೋ ಅಷ್ಟು ತಗೊಳ್ಳಿ."

ಅಜ್ಜಿ ಎಡಗೈಯಲ್ಲಿ ಅಕ್ಪ್ಲೆ ಎಂಬ ಜೋಳದ ಮುದ್ದೆ ಮುರಿಯಲು ಹೆಣಗುತ್ತಿದ್ದಳು. (ಊಟಕ್ಕೆ ಮೊದಲು ತಟ್ಟೆಗೇ ಕ್ಷಮೆ ಕೇಳಿಕೊಂಡಿದ್ದಳು. ತಟ್ಟೆಯ ಪರವಾಗಿ ಗಾಮೆಲಿ ಉತ್ತರ ಕೊಟ್ಟಿದ್ದ.) ಹುಡುಗನನ್ನು ಒಂದು ಗಳಿಗೆ ನೋಡಿದಳು.

"ಇವತ್ತೇ ಕೈ ತೊಳ್ಕೊಂಡು ನಾಳೆ ಊಟಕ್ಕೆ ಕೂರ್ತೀಯೇನಪ್ಪಾ?"

ಗಾಮೆಲಿ ನಕ್ಕು ಕೆಮ್ಮಿದ. "ಬಾಗಿಲ ಹೊರಗೆ ನಿಂತು ನಾನು ಕೂಗ್ತೀನಿ ಬಿಡು. ನನ್ನ ದನಿ ಮೂರು ದೋಣಿ ಆಚೆಗೆ ಕೇಳುತ್ತೆ."

"ನಾನು ಕೈ ತೋರಿಸೋದು ಇವನಿಗೆ. ನೀನ್ಯಾರೋ ಮಧ್ಯ?"

"ಇದೊಂದು ಸಲ ಬಿಟ್ಟುಬಿಡಿ ಅಜ್ಜಿ" ಎಂದ ಸೆನಾನು. "ನಂಗೇನೂ ಬೇಜಾರಿಲ್ಲ. ಆಣೆ."

"ನಿನ್ನ ಬೇಜಾರಿನ ಮಾತಲ್ಲ ಮಗಾ" ಎಂದಳು ಅವಳು. ಅಷ್ಟು ಹೇಳಿ ಊಟ ಮುಂದುವರಿಸಿದಳು.

೬

ಇಲ್ಲಿ ನನಗೂ ಅವಳಿಗೂ ಜಗಳವಾಯಿತು. ನಾನು ತಾಳ್ಮೆ ಕೆಟ್ಟು ಹೀಗೆ ಬರೆದುಬಿಟ್ಟೆ:

"ಮರುದಿನ ಬೆಳಿಗ್ಗೆ ಬಾಚಣಿಗೆ ಬಂತು. ಕೊಸಿವಜ್ಜಿ ಒಮ್ಮೆ ಕಣ್ಣು ಮುಚ್ಚಿ ತೆರೆದು, ಎಡಗೈ ಎತ್ತಿ ತೋರಿಸಿದಳು."

"ಇಳಿಸು" ಎಂದಳು.

"ಏನನ್ನ?"

"ನನ್ನ ಕೈನ. ಯಾರನ್ನ ಕೇಳಿ ಎತ್ತಿದೆ?"

"ಕಥೆ ನಂದು. ಕಣ್ಣು ಉಳಿಯುತ್ತೆ, ಅಜ್ಜಿ. ಒಂದು ಸಲ ಕೈ ಎತ್ತಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಬರೆಯೋಳೇ, ನಿಂಗೆ ಎನ್ಯೊನಾಂ ವಿಷಯ ಗೊತ್ತಾ?"

ಗೊತ್ತಿರಲಿಲ್ಲ. ಹೇಳಿದೆನಲ್ಲ, ನನಗೆ ಎಲ್ಲ ಗೊತ್ತಿಲ್ಲ ಎಂದು. ಎನ್ಯೊನಾಂ ಅವಳ ಮಗಳು. ಒಬ್ಬ ಮೇಷ್ಟರನ್ನು ಮೆಚ್ಚಿದ್ದಳು. ಹುಡುಗನ ಕಡೆಯವರು ಹೆಣ್ಣು ಕೇಳಲು ಬಂದರು. ಹುಡುಗನ ದೊಡ್ಡಪ್ಪ ಹೆಣ್ಣು ಕೇಳುವ ಶಾಸ್ತ್ರದ ಜಿನ್ ಬಾಟಲಿಯನ್ನು ಎಡಗೈಯಲ್ಲಿ ಚಾಚಿದ, ಒಂದು ಮಾತೂ ಆಡದೆ. 'ಎಡಗೈ' ಎಂದು ಕೇಳಿದ್ದರೆ ಕೊಸಿವಾ ಉತ್ತರ ಕೊಡುತ್ತಿದ್ದಳು. ಅವನು ಕೇಳಲಿಲ್ಲ, ಈರುಳ್ಳಿ ಮಾರುವ ವಿಧವೆಯ ಮನೆಯಲ್ಲಿ ಯಾಕೆ ಕೇಳಬೇಕು ಎಂಬಂತೆ ನಿಂತಿದ್ದ. ಅವಳು ಬಾಟಲಿ ಮುಟ್ಟಲಿಲ್ಲ. ಬಂದವರನ್ನೆಲ್ಲ ವಾಪಸು ಕಳಿಸಿದಳು. ಎನ್ಯೊನಾಂ ಅಂಗಳದಲ್ಲಿ ಮಣ್ಣಲ್ಲಿ ಕೂತು ಅತ್ತಳು, ಅಮ್ಮಾ ಒಂದು ಕೈ ತಾನೇ ಎಂದಳು. ಆಮೇಲೆ ಗಡಿಯಾಚೆ ಲೋಮೆಗೆ ಹೋಗಿ ಬೇರೆ ಯಾರನ್ನೋ ಮದುವೆಯಾದಳು. ಹಬ್ಬಕ್ಕೆ ಫೋನು ಮಾಡುತ್ತಾಳೆ, ಆ ಮಾತು ಮಾತ್ರ ತೆಗೆಯುವುದಿಲ್ಲ.

"ಮಗಳ ಬಾಳಿನ ವಿಷಯ ಬಂದಾಗ ಕೈ ದೊಡ್ಡದಾಗಿತ್ತು" ಎಂದಳು ಕೊಸಿವಜ್ಜಿ. "ಈಗ ನನ್ನ ಕಣ್ಣಿನ ವಿಷಯ ಬಂದಾಗ ಒಂದು ಕೈ ತಾನೇ ಅಂತ ಎತ್ತಿಬಿಡ್ಲಾ? ಆಗ ಅವಳಿಗೆ ನಾನು ಮಾಡಿದ್ದು ಏನು ಅಂತ ಆಯ್ತು, ಹೇಳು."

ಬರೆದದ್ದನ್ನು ಹೊಡೆದುಹಾಕಿದೆ. ಎದ್ದು ಹೋಗಿ ನೀರು ಕುಡಿದು ಬಂದೆ, ಆಮೇಲೂ ಕೂರಲಾಗಲಿಲ್ಲ.

೭ (ಅಂತ್ಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಮೊದಲು ಬರೆದಿದ್ದೆ)

ಅಂತ್ಯ, ಒಂದು ಬಗೆ. ಸೆನಾನು 'ಕೈಯೇ ಬಿಡಿ' ಎಂದುಬಿಡುತ್ತಾನೆ. ಅಜ್ಜಿ ಒಂದಾದ ಮೇಲೊಂದು ತೋರಿಸುತ್ತಾಳೆ, ಬಾಚಣಿಗೆ ಇರುವೆಯಷ್ಟಾಗುತ್ತದೆ. ಕಣ್ಣು ಉಳಿಯುತ್ತದೆ. ಕೇಂದ್ರ ಮುಚ್ಚುತ್ತದೆ, ಬೆಂಚಿನ ಮೇಲಿದ್ದವರು ಒಬ್ಬರ ಭುಜ ಒಬ್ಬರು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾರೆ. ಇದನ್ನು ಓದಿದ ಸೆನಾನು ಕೇಳಿದ: "ಅವರ ಹೆಸರೂ ಬರೀರಿ. ಬೆಂಚಿನ ಮೇಲೆ ನನ್ನ ಚಿಕ್ಕಪ್ಪಾನೂ ಇದಾರೆ." ಚಿಕ್ಕಪ್ಪನನ್ನು ಬಸ್ಸು ಹತ್ತಿಸಲು ನನ್ನಿಂದಾಗಲಿಲ್ಲ.

ಇನ್ನೊಂದು ಬಗೆ. ಯಾರೂ ಏನೂ ಅನ್ನುವುದಿಲ್ಲ. ಡಾಕ್ಟರ್ ಅಂಪೋಮಾ ಕಣ್ಣು ಕೊಯ್ಯುತ್ತಾರೆ. ಎಲ್ಲ ಚೆನ್ನಾಗಿ ಆಗುತ್ತದೆ, ಅಥವಾ ಆಗುವುದಿಲ್ಲ. ಆಗಿದ್ದನ್ನು ಬರೆಯಲು ಕೂತರೆ ಆ ಕೋಣೆಯೊಳಗೆ ಹೋಗಲು ನನಗೆ ಧೈರ್ಯ ಸಾಲದು. ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ.

ಮತ್ತೊಂದು ಬಗೆ ಗಾಮೆಲಿಯದು. ಅವನೇ ತಂದುಕೊಟ್ಟ: "ಕರೆಂಟ್ ಹೋಯ್ತು ಅಂತ ಬರೀರಿ. ಕ್ಯಾಮೆರಾ ಸಾಯುತ್ತೆ, ಹುಡುಗ ಉತ್ತರ ಕೊಡ್ತಾನೆ, ಕರೆಂಟ್ ಬರುತ್ತೆ. ಇಲ್ಲಿ ಯಾರು ನಂಬಲ್ಲ ಇದನ್ನ?" ಬಹಳ ಒಳ್ಳೆಯ ಅಂತ್ಯ. ಬರೆದೂ ಬರೆದೆ. ಕರೆಂಟು ಹೋದ ಕೂಡಲೇ ಪರದೆಯೂ ಹೋಯಿತು, ತೋರಿಸಲು ಬಾಚಣಿಗೆಯೇ ಇರಲಿಲ್ಲ. ಗಾಮೆಲಿ ಬೇಜಾರು ಮಾಡಿಕೊಂಡ.

೮

ಆದ್ದರಿಂದ ಬೆಳಿಗ್ಗೆ ಆಗಿಯೇ ಬಿಟ್ಟಿತು. ನಾನು ತಡೆಯಲು ನೋಡಿದೆ.

ನರ್ಸು ಅಜ್ಜಿಗೆ ಥಿಯೇಟರಿನ ಹಸಿರು ಅಂಗಿ ತೊಡಿಸಿ ಕರೆತಂದಳು. ಪಕ್ಕದ ಕೋಣೆಯಲ್ಲಿ ಡಾಕ್ಟರ್ ಅಂಪೋಮಾ ಕೈ ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ಸೆನಾನು ಬಲಗಣ್ಣಿಗೆ ಮುಚ್ಚಳ ಕಟ್ಟಿದ. ಅವನ ಬೆರಳು ತಣ್ಣಗಿದ್ದವು, ಅಜ್ಜಿಗೆ ಅವನ ಮೇಲೆ ಮರುಕ ಬಂತು. ಹೆದರಿದಳೂ ಕೂಡ. ಒಳಗೊಳಗೇ ಕೈ ಎತ್ತಿಬಿಡೋಣ ಎಂದು ಒಂದು ಗಳಿಗೆ ಅವಳಿಗೂ ಅನಿಸಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಬೆರಳು ಮಡಿಲಿನಿಂದ ಸ್ವಲ್ಪ ಎದ್ದಿತು. ಆಗ ಅಂಗಳದ ಮಣ್ಣಲ್ಲಿ ಕೂತ ಎನ್ಯೊನಾಂ ಕಂಡಳು, ಬೆರಳು ಮತ್ತೆ ಇಳಿಯಿತು.

ಬಾಚಣಿಗೆ ಬಂತು.

"ಎಡಗೈ ಕಣಪ್ಪಾ."

ಸೆನಾನು ತನ್ನ ಚಪ್ಪಲಿ ನೋಡುತ್ತ ಕೂತ. ಮುಂದಿನ ಸಾಲಿನಲ್ಲಿ ಅವನ ಬಾಯಿ ತೆರೆಯಬೇಕೋ ಬೇಡವೋ ಎಂದು ನಾನು ಬೆರಳು ಕಚ್ಚಿಕೊಂಡು ಕೂತೆ. ಆಗ ಅಜ್ಜಿ ನನ್ನ ಕಡೆ ತಿರುಗಿದಳು.

"ಸುಮ್ನೆ ಯಾಕೆ ಕೂತೆ? ಬರಿ."

"ಏನಂತ ಬರೀಲಿ?"

"ಹಲ್ಲು ಕೆಳಗಿದೆ. ತಡಿ, ಈಗ ಎಡಕ್ಕೆ ಬಂತು. ಈಗ ಮೇಲೆ. ಬರ್ಕೊಂಡ್ಯಾ?"

"ಬರ್ಕೊಂಡೆ."

"ಸರಿ ಇದೆಯಾ?"

"ಎಲ್ಲಾ ಸರಿ ಇದೆ ಅಜ್ಜಿ."

"ನಂಗೆ ಕಾಣುತ್ತೆ ಅಂತ ಓದೋರಿಗೆ ಗೊತ್ತಾಯ್ತಾ?"

"ಅವರಿಗೆ ಮೊದಲಿಂದ್ಲೂ ಗೊತ್ತು."

ಅವಳು ಮತ್ತೆ ಪರದೆಯ ಕಡೆ ತಿರುಗಿದಳು.

"ಹಾಗಿದ್ರೆ ನಾನು ಎಡಗೈ ಅಂದಿದ್ದೂ ಅಷ್ಟೂ ಜನಕ್ಕೆ ಕೇಳಿಸಿದೆ" ಎಂದಳು. "ಒಬ್ಬರಾದ್ರೂ ಉತ್ತರ ಕೊಟ್ರಾ?"

ನಾನು ಪುಟದಿಂದ ತಲೆ ಎತ್ತಿ ನಿಮ್ಮ ಕಡೆ ನೋಡಿದೆ. ಪಕ್ಕದ ಕೋಣೆಯಲ್ಲಿ ನಲ್ಲಿ ನಿಂತಿದೆ. ಇಷ್ಟು ಬರೆಯುವುದರೊಳಗೆ ಬಾಚಣಿಗೆ ಇನ್ನೊಂದು ಅಳತೆ ದೊಡ್ಡದಾಗಿದೆ.